ಹತ್ತು ವರ್ಷ ಮಿಲಿಟರಿ ಆಳ್ವಿಕೆ ಬಂದರೆ ನಮ್ಮ ಕಾಲುವೆಗೆ ನೀರು ಬರುತ್ತಾ?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನವನು. ಡಿಗ್ರಿ ಮುಗಿಸಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ಮೂರು ಎಕರೆ ಜಮೀನು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ. ಎರಡನೇ ಬೆಳೆಗೆ ನೀರು ಬಂದರೆ ನಮ್ಮ ಪುಣ್ಯ. ನನ್ನ ಸೋದರಮಾವ ಸೈನ್ಯದಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಮೊನ್ನೆ ಊರಿನ ಹೋಟೆಲಿನಲ್ಲಿ ಮಾತು ಬಂತು. "ಮೇಲಿನವರು ಪಂಪ್‌ಸೆಟ್ ಇಟ್ಟು ನೀರು ಎಳ್ಕೊಂತಾರೆ. ಬಳ್ಳಾರಿಯಾಗ ಗುಡ್ಡಾನೇ ತಿಂದ್ರು. ಯಾರಿಗೂ ಅಂಜಿಕೆ ಇಲ್ಲ. ಹತ್ತು ವರ್ಷ ಮಿಲಿಟರಿ ಕೈಗೆ ಕೊಡ್ಲಿ, ದಕ್ಷಿಣ ಕೊರಿಯಾ ಆದಂಗ ಆಗ್ತೀವಿ" ಎಂದರು. ಕೂತವರೆಲ್ಲ ಹೌದು ಎಂದರು. ನಾನು ಪ್ರಜಾಪ್ರಭುತ್ವ ಅಂತ ಏನೋ ಹೇಳಲು ಹೋದೆ. "ನಿನ್ನ ಪ್ರಜಾಪ್ರಭುತ್ವ ಹೊಲಕ್ಕ ನೀರು ಕೊಡ್ತಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಧ ಹಾಗೇ ಅನ್ನಿಸುತ್ತದೆ. ಮಿಲಿಟರಿ ಆಡಳಿತದಿಂದ ಯಾವ ದೇಶವಾದರೂ ಉದ್ಧಾರ ಆಗಿದೆಯೇ? ಆಗಿದ್ದರೆ ನಮಗೆ ಯಾಕೆ ಬೇಡ?

ಉತ್ತರ: ನಿಮ್ಮ ಮಾವನವರ ಸಿಟ್ಟಿಗೆ ಕಾರಣ ಇದೆ. ತೆನೆ ಕಟ್ಟದ ಭತ್ತದ ಮುಂದೆ ನಿಂತ ರೈತನಿಗೆ ಪೌರನೀತಿಯ ಪಾಠ ಹೇಳಿದರೆ ಯಾರಿಗೆ ಬೇಕು? ಅವರು ಕೇಳುತ್ತಿರುವುದು ನೀರು. ನಿಮಗೂ ಅರ್ಧ ಹಾಗೇ ಅನ್ನಿಸುತ್ತದೆ ಎಂದು ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ನಾನು ರಾಯಚೂರು ಮತ್ತು ಬಳ್ಳಾರಿಯ ಕಾಲೇಜುಗಳಲ್ಲಿ 31 ವರ್ಷ ಅರ್ಥಶಾಸ್ತ್ರ ಕಲಿಸಿದವನು. ಬಡ ದೇಶಗಳು ಹೇಗೆ ಮುಂದೆ ಬರುತ್ತವೆ, ಕೆಲವು ಯಾಕೆ ಬರುವುದಿಲ್ಲ ಅನ್ನೋದೇ ನನ್ನ ವಿಷಯ. ನಿಮ್ಮ ಪ್ರಶ್ನೆ ತರಗತಿಯಲ್ಲಿ ಪ್ರತಿ ವರ್ಷ ಬರುತ್ತಿತ್ತು. ಅದಿರಿನ ಲಾರಿಗಳು ಹೊಸಪೇಟೆ ರಸ್ತೆಯಲ್ಲಿ ಹಗಲು ರಾತ್ರಿ ಸಾಲುಗಟ್ಟುತ್ತಿದ್ದ ವರ್ಷಗಳಲ್ಲಂತೂ ಪ್ರತಿ ವಾರ ಬರುತ್ತಿತ್ತು. ಕೇಳುತ್ತಿದ್ದವರು ಸಂಡೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗರು. ಬಿಳಿ ಅಂಗಿಯ ಕಾಲರ್ ಕೆಂಪಗಾಗಿರುತ್ತಿತ್ತು. ಅವರಿಗೆ ನಾನು ಹೇಳುತ್ತಿದ್ದುದನ್ನೇ ನಿಮಗೂ ಹೇಳುತ್ತೇನೆ.

ಕೊರಿಯಾದಿಂದಲೇ ಶುರು ಮಾಡೋಣ. ಮಿಲಿಟರಿ ಆಡಳಿತದ ಪರವಾಗಿ ಹೇಳಬಹುದಾದ ಅತಿ ಗಟ್ಟಿ ಉದಾಹರಣೆ ಅದು. ಪಾರ್ಕ್ ಚುಂಗ್ ಹೀ ಎಂಬ ಸೇನಾಧಿಕಾರಿ 1961ರ ಮೇ 16ರಂದು ಅಧಿಕಾರ ಹಿಡಿದರು. 1979ರಲ್ಲಿ ತಮ್ಮದೇ ಗುಪ್ತಚರ ಮುಖ್ಯಸ್ಥನ ಗುಂಡಿಗೆ ಬಲಿಯಾಗುವವರೆಗೆ ಆಳಿದರು. ಆ 18 ವರ್ಷಗಳಲ್ಲಿ ಕೊರಿಯಾ ಬೆಳೆದದ್ದು ನಿಜ. ಅದನ್ನು ಅಲ್ಲಗಳೆದರೆ ಮಾವನವರು ನಿಮ್ಮ ಮುಂದಿನ ಮಾತು ಕೇಳುವುದಿಲ್ಲ, ಕೇಳಲೂಬಾರದು.

ಆದರೆ ಯಾಕೆ ಬೆಳೆಯಿತು? ಪಾರ್ಕ್ ಬರುವುದಕ್ಕೆ ಹತ್ತು ವರ್ಷ ಮೊದಲೇ ಅಲ್ಲಿ ಭೂಸುಧಾರಣೆ ಆಗಿತ್ತು. 1949ರಲ್ಲಿ ಕಾನೂನು ಬಂತು, ಮರುವರ್ಷ ಜಾರಿಯಾಯಿತು. ಒಂದು ಮನೆಗೆ ಸುಮಾರು 3 ಹೆಕ್ಟೇರ್ ಮಿತಿ. ಗೇಣಿದಾರ ಹೊಲದ ಒಡೆಯನಾದ. ಮಕ್ಕಳನ್ನು ಶಾಲೆಗೆ ಕಳಿಸಿದ. ಅಕ್ಷರ ಬಲ್ಲ ಕಾರ್ಮಿಕರು ಕಾರ್ಖಾನೆಗಳಿಗೆ ಸಿಕ್ಕಿದ್ದು ಹಾಗೆ. ಮೇಲೆ ಅಮೆರಿಕದ ನೆರವು ಇತ್ತು. 1965ರ ಒಪ್ಪಂದದಲ್ಲಿ ಜಪಾನ್ 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲ ಕೊಟ್ಟಿತು. ಪೊಹಾಂಗ್‌ನಲ್ಲಿ 1973ರಲ್ಲಿ ಶುರುವಾದ ದೊಡ್ಡ ಉಕ್ಕಿನ ಕಾರ್ಖಾನೆಗೆ ಆ ಹಣದ ಒಂದು ಪಾಲು ಹೋಯಿತು. ಪಾರ್ಕ್ ಬ್ಯಾಂಕುಗಳನ್ನು ಸರ್ಕಾರದ ಕೈಗೆ ತೆಗೆದುಕೊಂಡರು. ರಫ್ತಿನ ಗುರಿ ಮುಟ್ಟಿದ ಕಂಪನಿಗೆ ಅಗ್ಗದ ಸಾಲ, ಮುಟ್ಟದವರಿಗೆ ಇಲ್ಲ. ಅಂದರೆ ಕಂಪನಿಗಳನ್ನು ಓಡಿಸಿದ್ದು ಬ್ಯಾಂಕಿನ ಪುಸ್ತಕ. ಅದಕ್ಕೆ ಬಂದೂಕು ಬೇಕಿರಲಿಲ್ಲ.

ಬಂದೂಕು ಬೇಕಾದದ್ದು ಇನ್ನೊಂದು ಕಡೆ. ಬಳ್ಳಾರಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕೌಲ್ ಬಜಾರಿನ ಓಣಿಗಳಲ್ಲಿ ಜೀನ್ಸ್ ಹೊಲಿಯುವ ಮನೆಗಳನ್ನು ನೋಡಿದ್ದೀರಲ್ಲ? ಒಂದು ಕೋಣೆಯಲ್ಲಿ ನಾಲ್ಕೈದು ಮಷಿನ್, ನೆಲದ ತುಂಬ ನೀಲಿ ತುಣುಕು, ತಲೆ ಎತ್ತದೆ ಹೊಲಿಯುವ ಹೆಣ್ಣುಮಕ್ಕಳು. ಸೋಲ್ ನಗರದ ಬಟ್ಟೆ ಮಾರುಕಟ್ಟೆ ಅಂಥದ್ದೇ ಇತ್ತು, ಇನ್ನೂ ಕೆಟ್ಟದಾಗಿ. ಎದ್ದು ನಿಲ್ಲಲೂ ಆಗದ ಅಟ್ಟಗಳಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರು ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುತ್ತಿದ್ದರು. ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಚೊನ್ ತೇ ಇಲ್ ಎಂಬ 22 ವರ್ಷದ ಹುಡುಗ ಕಾರ್ಮಿಕ ಕಾನೂನು ಓದಿಕೊಂಡ. ಅರ್ಜಿ ಬರೆದ. ಕಚೇರಿಯಿಂದ ಕಚೇರಿಗೆ ಅಲೆದ. ಯಾರೂ ಕೇಳಲಿಲ್ಲ. 1970ರ ನವೆಂಬರ್ 13ರಂದು ಮೈಗೆ ಬೆಂಕಿ ಹಚ್ಚಿಕೊಂಡ. "ನಾವು ಯಂತ್ರಗಳಲ್ಲ" ಎಂದು ಕೂಗುತ್ತಾ ಬಿದ್ದ. ಅವನು ಕೇಳಿದ್ದು ದೇಶದಲ್ಲಿ ಆಗಲೇ ಇದ್ದ ಕಾನೂನನ್ನು ಪಾಲಿಸಿ ಅಂತ, ಅಷ್ಟೇ. ಈ ಹುಡುಗನ ಕಥೆ ಹೇಳುವಾಗ ತರಗತಿಯಲ್ಲಿ ನನಗೆ ಗಂಟಲು ಕಟ್ಟುತ್ತಿತ್ತು. ನಮ್ಮ ಹೊಲಿಗೆ ಮನೆಗಳ ಮಕ್ಕಳೂ ಎದುರಿಗೆ ಕೂತಿರುತ್ತಿದ್ದರು.

ಇನ್ನೂ ಒಂದು. 2024ರ ಡಿಸೆಂಬರ್ 3ರ ರಾತ್ರಿ ಕೊರಿಯಾದ ಅಧ್ಯಕ್ಷರು ಮಿಲಿಟರಿ ಕಾನೂನು ಘೋಷಿಸಿದರು. ಆ ದೇಶದ ಜನ ಏನು ಮಾಡಿದರು? ಚಳಿಯಲ್ಲಿ ಸಂಸತ್ತಿನ ಮುಂದೆ ಬಂದು ನಿಂತರು. ಸಂಸದರು ಕಾಂಪೌಂಡ್ ಹಾರಿ ಒಳಗೆ ಹೋಗಿ 190 ಮತಗಳಿಂದ, ಒಂದೂ ವಿರೋಧವಿಲ್ಲದೆ, ಅದನ್ನು ರದ್ದು ಮಾಡಿದರು. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ಮುಂದಿನ ಏಪ್ರಿಲ್‌ನಲ್ಲಿ ನ್ಯಾಯಾಲಯ ಅಧ್ಯಕ್ಷರನ್ನು ಮನೆಗೆ ಕಳಿಸಿತು. ಮಿಲಿಟರಿ ಆಳ್ವಿಕೆಯ "ಫಲ" ಉಂಡ ಜನರೇ ಅದು ಮತ್ತೆ ಬೇಡ ಎಂದರು. ಮಾವನವರಿಗೆ ಇದನ್ನು ಹೇಳಿ.

ಈಗ ಬರ್ಮಾಕ್ಕೆ, ಅಂದರೆ ಇವತ್ತಿನ ಮ್ಯಾನ್ಮಾರ್‌ಗೆ ಬನ್ನಿ. ಪಾರ್ಕ್ ಬಂದ ಹತ್ತು ತಿಂಗಳಿಗೆ, 1962ರ ಮಾರ್ಚ್‌ನಲ್ಲಿ, ಅಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದರು. ಅದೇ ಸಮವಸ್ತ್ರ, ಅದೇ ಶಿಸ್ತಿನ ಮಾತು. ಕೊರಿಯಾದಲ್ಲಿ ಹೇಳಿಕೊಳ್ಳುವಂಥ ಖನಿಜ ಇರಲಿಲ್ಲ. ಬರ್ಮಾದಲ್ಲಿ ಎಲ್ಲ ಇತ್ತು: ತೇಗ, ಎಣ್ಣೆ, ಮಾಣಿಕ್ಯ, ಐರಾವತಿ ನದಿಯ ಬಯಲು. ಎರಡನೇ ಮಹಾಯುದ್ಧಕ್ಕೆ ಮೊದಲು ವರ್ಷಕ್ಕೆ ಸುಮಾರು 30 ಲಕ್ಷ ಟನ್ ಅಕ್ಕಿ ಹೊರದೇಶಕ್ಕೆ ಕಳಿಸುತ್ತಿದ್ದ ನಾಡು ಅದು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿ ಸಾಲು ನೋಡಿದವರು ಆ ಪ್ರಮಾಣವನ್ನು ಊಹಿಸಿಕೊಳ್ಳಬಹುದು. ಸೈನ್ಯ ಗಿರಣಿ, ಅಂಗಡಿ, ಬ್ಯಾಂಕು ಎಲ್ಲವನ್ನೂ ತೆಗೆದುಕೊಂಡಿತು. ಭತ್ತಕ್ಕೆ ಸರ್ಕಾರ ಹೇಳಿದ್ದೇ ಬೆಲೆ. ರೈತ ಬೆಳೆಯುವುದನ್ನೇ ಕಡಿಮೆ ಮಾಡಿದ.

1987ರ ಸೆಪ್ಟೆಂಬರ್‌ನಲ್ಲಿ ಒಂದು ದಿನ 25, 35 ಮತ್ತು 75 ಚಾತ್ ನೋಟುಗಳು ಇನ್ನು ನಡೆಯುವುದಿಲ್ಲ ಎಂದು ಹೇಳಿಬಿಟ್ಟರು. ಚಲಾವಣೆಯ ಅರ್ಧಕ್ಕಿಂತ ಜಾಸ್ತಿ ಹಣ ಒಂದೇ ದಿನದಲ್ಲಿ ಕಾಗದವಾಯಿತು. 2016ರಲ್ಲಿ ನಮ್ಮಲ್ಲಿ ನೋಟು ನಿಂತಾಗ ಬದಲಿಸಿಕೊಳ್ಳಲು ಸರದಿಯಾದರೂ ಇತ್ತು. ಅಲ್ಲಿ ಬದಲಿ ಕೊಡಲೇ ಇಲ್ಲ. ಹೊಸದಾಗಿ ಬಂದದ್ದು 45 ಮತ್ತು 90ರ ನೋಟು, ಯಾಕೆಂದರೆ ಒಂಬತ್ತು ಆ ಜನರಲ್‌ಗೆ ಅದೃಷ್ಟದ ಸಂಖ್ಯೆ. ಅದೇ ವರ್ಷದ ಕೊನೆಗೆ ವಿಶ್ವಸಂಸ್ಥೆ ಬರ್ಮಾವನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು. ಹಣಕಾಸಿನ ಕಚೇರಿಯಲ್ಲಿ ಒಬ್ಬನಿಗಾದರೂ ಇದು ತಪ್ಪು ಅಂತ ಗೊತ್ತಿರಲೇಬೇಕು, ಅಲ್ವಾ? ಗೊತ್ತಿದ್ದವನು ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಅನ್ನೋದೂ ಅವನಿಗೆ ಗೊತ್ತಿತ್ತು.

ಅರ್ಥಶಾಸ್ತ್ರದಲ್ಲಿ ಇದರ ಮೇಲೆ ಬಹಳ ಕೆಲಸ ಆಗಿದೆ. ಸರ್ವಾಧಿಕಾರದ ಕೆಳಗೆ ಒಂದು ದೇಶ ಕೊರಿಯಾ ಆಗಬಹುದು, ಇನ್ನೊಂದು ಬರ್ಮಾ ಆಗಬಹುದು. ಯಾವುದು ಆಗುತ್ತದೆ ಅನ್ನೋದನ್ನು ಜನ ಆರಿಸುವಂತಿಲ್ಲ. ಕೆಟ್ಟದು ಬಂದರೆ ಬದಲಿಸುವಂತೆಯೂ ಇಲ್ಲ. ನೊಬೆಲ್ ಪಡೆದ ಡರಾನ್ ಅಸೆಮೊಗ್ಲು ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಪ್ರಜಾಪ್ರಭುತ್ವಕ್ಕೆ ಬಂದ ದೇಶಗಳ ತಲಾ ಆದಾಯ 25 ವರ್ಷಗಳಲ್ಲಿ ಸುಮಾರು ಶೇ 20ರಷ್ಟು ಜಾಸ್ತಿಯಾಗುತ್ತದೆ. ನ್ಯಾಯವಾಗಿ ಇಂಡೊನೇಷ್ಯಾವನ್ನೂ ಹೇಳಬೇಕು. ಜನರಲ್ ಸುಹಾರ್ತೊ ಎಣ್ಣೆಯ ಹಣದಲ್ಲಿ 1973ರಿಂದ ಐದಾರು ವರ್ಷಗಳಲ್ಲಿ 61,000 ಪ್ರಾಥಮಿಕ ಶಾಲೆ ಕಟ್ಟಿಸಿದರು. ಅದು ದೊಡ್ಡ ಕೆಲಸ. ಆದರೆ 32 ವರ್ಷ ಕುರ್ಚಿ ಬಿಡಲಿಲ್ಲ. ಮಕ್ಕಳು, ಗೆಳೆಯರ ಕೈಗೆ ವ್ಯಾಪಾರ ಹೋಯಿತು. 1998ರಲ್ಲಿ ಒಂದೇ ವರ್ಷಕ್ಕೆ ಆರ್ಥಿಕತೆ ಶೇ 13ರಷ್ಟು ಕುಸಿಯಿತು.

ಇನ್ನು ಗುಡ್ಡ ತಿಂದ ಮಾತು. ಸಮವಸ್ತ್ರದವರು ಕದಿಯುವುದಿಲ್ಲ ಎಂಬ ನಂಬಿಕೆ ಮಾವನವರಿಗೆ ತಮ್ಮ ಸ್ವಂತ ಬದುಕಿನಿಂದ ಬಂದಿರಬಹುದು. ಅವರು 24 ವರ್ಷ ಪ್ರಾಮಾಣಿಕವಾಗಿ ದುಡಿದಿದ್ದಾರೆ. ಆದರೆ ಗಡಿ ಕಾಯುವ ಸೈನ್ಯ ಬೇರೆ, ಖಜಾನೆಯ ಕೀಲಿಕೈ ಹಿಡಿದ ಸೈನ್ಯ ಬೇರೆ.

ನೈಜೀರಿಯಾದ್ದು ಕೇಳಿ. ಅಲ್ಲಿ ಎಣ್ಣೆ ಇದೆ, ನಮ್ಮಲ್ಲಿ ಅದಿರು ಇದ್ದಂತೆ. 1970ರ ದಶಕದಲ್ಲಿ ಮಿಲಿಟರಿ ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟಿತು. ಬಹುಪಾಲು ರಕ್ಷಣಾ ಇಲಾಖೆಯ ಹೆಸರಿನಲ್ಲಿ. ಲಾಗೋಸ್ ಬಂದರಿಗೆ ವರ್ಷಕ್ಕೆ ಇಳಿಸಲು ಆಗುತ್ತಿದ್ದುದು ಸುಮಾರು 10 ಲಕ್ಷ ಟನ್. 1975ರಲ್ಲಿ ನೂರಾರು ಹಡಗುಗಳು ಸಮುದ್ರದಲ್ಲಿ ತಿಂಗಳುಗಟ್ಟಲೆ ನಿಂತವು. ನಿಂತ ಪ್ರತಿ ದಿನಕ್ಕೂ ದೇಶ ದಂಡ ಕಟ್ಟಿತು. ಹಡಗಿನ ಹೊಟ್ಟೆಯಲ್ಲೇ ಸಿಮೆಂಟ್ ಗಟ್ಟಿಯಾಯಿತು. ಮನೆ ಕಟ್ಟಿಸಿದವರಿಗೆ ಗೊತ್ತು, ಮಳೆಗೆ ಸಿಕ್ಕ ಹತ್ತು ಚೀಲ ಹಾಳಾದರೂ ಜೀವ ಹೋದಂತಾಗುತ್ತದೆ. ಆಮೇಲೆ 1993ರಲ್ಲಿ ಜನರಲ್ ಅಬಾಚ ಬಂದರು. ಐದು ವರ್ಷ ಆಳಿ ಸತ್ತರು. ಅವರು ಹೊರದೇಶದಲ್ಲಿ ಇಟ್ಟಿದ್ದ ಹಣದಲ್ಲಿ ಸ್ವಿಟ್ಜರ್ಲೆಂಡ್ ಒಂದೇ 100 ಕೋಟಿ ಡಾಲರಿನಷ್ಟು ವಾಪಸ್ ಕೊಟ್ಟಿದೆ.

ಈಗ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಮೇಲೆ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ವರದಿ ಕೊಟ್ಟರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಲಾರಿ ಲಾರಿ ಲೆಕ್ಕ, ಬಂದರಿನ ಕಾಗದ, ಪರ್ಮಿಟ್ ಎಲ್ಲ ಜೋಡಿಸಿತ್ತು. ನಷ್ಟ 16,000 ಕೋಟಿ ರೂಪಾಯಿಗೂ ಜಾಸ್ತಿ ಎಂದು ಬರೆದರು. ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಕೆಲಸ ಕಳೆದುಕೊಂಡವರ ಕಷ್ಟವನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲ ತಪ್ಪಿತಸ್ಥರಿಗೂ ಶಿಕ್ಷೆ ಆಯಿತೇ? ಇಲ್ಲ. ಆದರೂ ಲೂಟಿ ನಿಂತಿತು, ಲೆಕ್ಕ ಹೊರಗೆ ಬಂತು.

ನೈಜೀರಿಯಾದಲ್ಲೂ ಒಬ್ಬರು ಎದ್ದು ನಿಂತರು. ಕೆನ್ ಸಾರೊ ವಿವ ಎಂಬ ಲೇಖಕರು. ಒಗೊನಿ ಜನರ ಹೊಲ, ಹೊಳೆಗಳು ಎಣ್ಣೆಯಿಂದ ಹಾಳಾದದ್ದರ ವಿರುದ್ಧ ಶಾಂತಿಯಿಂದ ಹೋರಾಡಿದರು. 1995ರ ನವೆಂಬರ್ 10ರಂದು ಅವರನ್ನೂ ಎಂಟು ಸಂಗಡಿಗರನ್ನೂ ಗಲ್ಲಿಗೆ ಹಾಕಿದರು. ವಿಚಾರಣೆ ನಡೆಸಿದ್ದು ಮಿಲಿಟರಿ ಸರ್ಕಾರ ನೇಮಿಸಿದ ವಿಶೇಷ ನ್ಯಾಯಮಂಡಳಿ. ಗುಡ್ಡ ಅಲ್ಲೂ ತಿಂದರು, ಇಲ್ಲೂ ತಿಂದರು. ಇಲ್ಲಿ ವರದಿ ಬರೆದವರು ನಿವೃತ್ತಿ ಪಡೆದು ಮನೆಯಲ್ಲಿ ಪೇಪರ್ ಓದುತ್ತಾ ಕೂರಬಹುದು. ನನ್ನ ಉತ್ತರದಲ್ಲಿ ನೀವು ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಈ ವ್ಯತ್ಯಾಸ ನೆನಪಿಡಿ.

ಚಿಲಿ ದೇಶದ್ದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸರ್ಕಾರಿ ತಾಮ್ರದ ಕಂಪನಿಯ ರಫ್ತಿನ ಹಣದಲ್ಲಿ ಶೇ 10 ನೇರವಾಗಿ ಸೈನ್ಯಕ್ಕೆ ಹೋಗುವ ಗುಟ್ಟಿನ ಕಾನೂನು ಅಲ್ಲಿತ್ತು. ಜನರಲ್ ಪಿನೊಶೆಯ ಮಿಲಿಟರಿ ಆಳ್ವಿಕೆ 1990ರಲ್ಲಿ ಮುಗಿದರೂ ಆ ಕಾನೂನು ಹೋದದ್ದು 2019ರಲ್ಲಿ. ಸೈನ್ಯ ಒಮ್ಮೆ ತಿಜೋರಿಗೆ ಕೈ ಹಾಕಿದರೆ ತೆಗೆಸಲು ಒಂದು ತಲೆಮಾರು ಬೇಕು. ನಮ್ಮ ಜಿಲ್ಲೆಯಲ್ಲಿ ಗಣಿಯ ಹಣದ ಒಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ. ಅದರ ಖರ್ಚಿನ ಬಗ್ಗೆ ಪ್ರತಿ ಸಭೆಯಲ್ಲೂ ಜಗಳ. ಆ ಜಗಳ ನನಗೆ ಇಷ್ಟ.

ನಿಮ್ಮಂಥ ಹಿಂದುಳಿದ ಭಾಗದವರು ಇನ್ನೊಂದು ವಿಷಯ ಗಮನಿಸಬೇಕು. ಪಾಕಿಸ್ತಾನದಲ್ಲಿ ಜನರಲ್ ಅಯೂಬ್ ಖಾನ್ 1958ರಲ್ಲಿ ಅಧಿಕಾರ ಹಿಡಿದರು. 1960ರ ದಶಕದಲ್ಲಿ ಪಾಕಿಸ್ತಾನ ವರ್ಷಕ್ಕೆ ಶೇ 6ಕ್ಕಿಂತ ಜಾಸ್ತಿ ಬೆಳೆಯಿತು, ನಮಗಿಂತ ಮುಂದೆ ಇತ್ತು. 1968ರಲ್ಲಿ "ಅಭಿವೃದ್ಧಿಯ ದಶಕ" ಅಂತ ದೊಡ್ಡ ಉತ್ಸವ ಮಾಡಿದರು. ಅದೇ ವರ್ಷ ಅವರದೇ ಯೋಜನಾ ಆಯೋಗದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ದೇಶದ ಕೈಗಾರಿಕೆಯ ಮೂರರಲ್ಲಿ ಎರಡು ಪಾಲು 22 ಕುಟುಂಬಗಳ ಕೈಯಲ್ಲಿದೆ ಎಂದು ಹೇಳಿದರು. ಇದೇ ಮನುಷ್ಯ ಮುಂದೆ, 1990ರಲ್ಲಿ, ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಜಗತ್ತಿಗೆ ಕೊಟ್ಟವರು. ಬೆಳವಣಿಗೆಯ ಅಂಕಿ ಏರುತ್ತಿದ್ದಾಗಲೇ ಜನ ಹಿಂದುಳಿಯುವುದನ್ನು ಅವರು ಹತ್ತಿರದಿಂದ ನೋಡಿದ್ದರು.

ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶ, ಸೆಣಬು ಬೆಳೆದು ಡಾಲರ್ ತರುತ್ತಿತ್ತು. ಹಣ ಪಶ್ಚಿಮದಲ್ಲಿ ಖರ್ಚಾಗುತ್ತಿತ್ತು. ಹೊಸ ರಾಜಧಾನಿ ಇಸ್ಲಾಮಾಬಾದ್ ಎದ್ದದ್ದೂ ಅಲ್ಲೇ. ಶಕ್ತಿನಗರದ ವಿದ್ಯುತ್ ಕೇಂದ್ರದ ಬೂದಿ ನಮಗೆ, ಬೆಳಕು ಬೆಂಗಳೂರಿಗೆ ಎಂದು ರಾಯಚೂರಿನವರು ಹೇಳುವ ಮಾತು ಕೇಳಿದ್ದೀರಲ್ಲ, ಅದೇ ನೋವು. 1970ರ ನವೆಂಬರ್‌ನಲ್ಲಿ ಚಂಡಮಾರುತ ಬಂದು ಅಲ್ಲಿ ಮೂರರಿಂದ ಐದು ಲಕ್ಷ ಜನ ಸತ್ತರು. ಮಿಲಿಟರಿ ಸರ್ಕಾರದ ನೆರವು ಬಹಳ ತಡವಾಗಿ ಬಂತು. ಮುಂದಿನ ತಿಂಗಳು ಚುನಾವಣೆ. ಪೂರ್ವದ 162 ಕ್ಷೇತ್ರಗಳಲ್ಲಿ 160 ಅಲ್ಲಿನ ಅವಾಮಿ ಲೀಗ್ ಪಕ್ಷ ಗೆದ್ದಿತು. ಅಧಿಕಾರ ಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾಕ್ಕೆ ಟ್ಯಾಂಕುಗಳು ಬಂದವು. ವರ್ಷ ಮುಗಿಯುವುದರೊಳಗೆ ದೇಶವೇ ಎರಡಾಯಿತು.

ನಮ್ಮ ಭಾಗಕ್ಕೂ ಅನ್ಯಾಯ ಆಗಿದೆ. ಪ್ರಾದೇಶಿಕ ಅಸಮಾನತೆ ಕುರಿತ ನಂಜುಂಡಪ್ಪ ವರದಿ ಅದನ್ನು ತಾಲ್ಲೂಕುವಾರು ಬರೆದಿಟ್ಟಿದೆ. ವರ್ಷಗಟ್ಟಲೆ ಹೋರಾಡಿದ ಮೇಲೆ ಸಂವಿಧಾನಕ್ಕೇ ತಿದ್ದುಪಡಿಯಾಗಿ, ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿ ಬಂತು. ನೀವು ಪಿಡಿಒ ಪರೀಕ್ಷೆ ಬರೆಯುವಾಗ ಆ ಮೀಸಲಾತಿ ನಿಮಗೇ ಸಿಗುತ್ತದೆ. ರಾಯಚೂರಿನಲ್ಲಿ ಏಮ್ಸ್ ಬೇಕೆಂದು 2022ರ ಮೇ ತಿಂಗಳಿಂದ ಪೆಂಡಾಲ್ ಹಾಕಿ ಕೂತವರು ಸಾವಿರ ದಿನ ದಾಟಿದರು. ಅಲ್ಲಿಗೆ ನಾನೂ ಹೋಗಿ ಕೂತಿದ್ದೇನೆ. ಸಾವಿರ ದಿನ ಕೂತರೂ ಆಸ್ಪತ್ರೆ ಸಿಗದಿದ್ದದ್ದು ನೋವಿನ ವಿಷಯ. ಆದರೆ ಅಲ್ಲಿ ಕೂತಿದ್ದಕ್ಕೆ ಯಾರೂ ಗುಂಡು ಹೊಡೆಯಲಿಲ್ಲ. ಢಾಕಾದವರಿಗೆ ಸಾವಿರ ದಿನ ಕೂರುವ ಅವಕಾಶ ಸಿಗಲಿಲ್ಲ.

ಮಾವನವರು ಇತಿಹಾಸ ಬಲ್ಲವರಾದರೆ ನಿಮಗೆ ಒಂದು ಪಟ್ಟು ಹಾಕಬಹುದು. "ನಮ್ಮ ರಾಯಚೂರು, ಕೊಪ್ಪಳಾನೂ ಮಿಲಿಟರಿ ಕೈಯಾಗ ಇದ್ದವು, ಗೊತ್ತೇನು?" ಎನ್ನಬಹುದು. ನಿಜವೇ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಶರಣಾದ ಮೇಲೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಸುಮಾರು 15 ತಿಂಗಳು ಮಿಲಿಟರಿ ಗವರ್ನರ್ ಆಗಿದ್ದರು. ಅವರ ಕಾಲದಲ್ಲೇ, 1949ರ ಆಗಸ್ಟ್‌ನಲ್ಲಿ, ಜಹಗೀರುಗಳು ರದ್ದಾದವು. ಕೊಪ್ಪಳವೇ ಸಾಲಾರ್ ಜಂಗರ ಜಹಗೀರಾಗಿತ್ತು. ಅಷ್ಟು ಒಳ್ಳೆಯ ಕೆಲಸ ಅಷ್ಟು ಬೇಗ ಆದದ್ದು ಹೌದು.

ಆದರೆ ಚೌಧುರಿಯವರಿಗೆ ಆದೇಶ ಬರುತ್ತಿದ್ದುದು ದಿಲ್ಲಿಯ ನಾಗರಿಕ ಸರ್ಕಾರದಿಂದ. ಅವಧಿ ಮುಗಿದ ಮೇಲೆ ಅವರು ಸೈನ್ಯಕ್ಕೆ ವಾಪಸ್ ಹೋದರು. 1952ರಲ್ಲಿ ಜನ ಆರಿಸಿದ ಸರ್ಕಾರ ಬಂತು. ಇನ್ನೊಂದು ಮುಖವೂ ಇದೆ. ಆ ದಿನಗಳ ಹಿಂಸೆಯಲ್ಲಿ ಸತ್ತವರ ಬಗ್ಗೆ ಪಂಡಿತ್ ಸುಂದರಲಾಲ್ ಸಮಿತಿ ಊರೂರು ಸುತ್ತಿ ಸರ್ಕಾರಕ್ಕೆ ವರದಿ ಕೊಟ್ಟಿತು. 27,000ದಿಂದ 40,000 ಜನ ಸತ್ತಿರಬಹುದು ಎಂದು ಅದರಲ್ಲಿತ್ತು. ಆ ವರದಿ ಜನರ ಕೈಗೆ ಸಿಕ್ಕಿದ್ದು ದಶಕಗಳ ನಂತರ. ಜಹಗೀರು ಹೋದದ್ದು ಎಲ್ಲರಿಗೂ ಗೊತ್ತಾಯಿತು. ಸತ್ತವರ ಲೆಕ್ಕ ಕಪಾಟಿನಲ್ಲೇ ಉಳಿಯಿತು.

ಇಲ್ಲಿಗೆ ನಿಮ್ಮ ಕಾಲುವೆಗೆ ಬರುತ್ತೇನೆ. ಯಾಕೆ ಹೀಗಾಗುತ್ತದೆ ಅನ್ನೋದಕ್ಕೆ ಕಾಲುವೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಒಂದು ಬರದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಉಪಕಾಲುವೆಯ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಕಂಬ. ಬಿಳಿ ಬಣ್ಣ ಕಿತ್ತು ಹೋಗಿದ್ದರೂ ಅಂಕಿ ಕಾಣುತ್ತಿತ್ತು. ನೀರು ನಾಲ್ಕೂವರೆ ಅಡಿಗೆ ಮುಟ್ಟಿತ್ತು. ಪುಸ್ತಕದಲ್ಲಿ ಆ ಬೆಳಗಿನ ಲೆಕ್ಕ ಆರು ಅಡಿ. ಗ್ಯಾಂಗ್‌ಮನ್ ತಲೆ ತಗ್ಗಿಸಿದ. "ಮೇಲಿಂದ ಆರು ಅಂತ ಬರೀ ಅಂದ್ರು ಸರ್" ಎಂದ. ಅವನಿಗೆ ತಿಂಗಳುಗಳಿಂದ ಸಂಬಳವೂ ಬಂದಿರಲಿಲ್ಲ. ರೈತರು ಕಂಬವನ್ನೂ ಪುಸ್ತಕವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದರು. ರಸ್ತೆ ತಡೆ ಮಾಡಿದರು. ಫೋಟೊ ಪತ್ರಿಕೆಯಲ್ಲಿ ಬಂತು. ನಾಲ್ಕು ದಿನಕ್ಕೆ ನೀರು ಏರಿತು. ಆರು ಮುಟ್ಟಲಿಲ್ಲ, ಬೆಳೆ ಉಳಿಯುವಷ್ಟು ಏರಿತು.

ಮಿಲಿಟರಿ ಆಡಳಿತದಲ್ಲಿ ಇಡೀ ದೇಶದ ಗೇಜ್ ಪುಸ್ತಕ ಹೀಗೆ ಆಗುತ್ತದೆ. ಮೇಲಿನವರಿಗೆ ಬೇಕಾದ ಅಂಕಿಯನ್ನೇ ಕೆಳಗಿನವರು ಬರೆಯುತ್ತಾರೆ. ಫೋಟೊ ತೆಗೆಯುವವನು ಇರುವುದಿಲ್ಲ, ಇದ್ದರೆ ಹೊರಗೆ ಇರುವುದಿಲ್ಲ. ಬ್ರೆಜಿಲ್‌ನ ಸೈನಿಕ ಸರ್ಕಾರದ ಕಾಲದಲ್ಲಿ ವರ್ಷಕ್ಕೆ ಶೇ 10ರಷ್ಟು ಬೆಳವಣಿಗೆ ಎಂದು ಜಗತ್ತೇ ಹೊಗಳುತ್ತಿತ್ತು. ಅದೇ ವರ್ಷಗಳಲ್ಲಿ ಸಾವೊ ಪಾಲೊ ನಗರದಲ್ಲಿ ಮೆನಿಂಜೈಟಿಸ್ ಎಂಬ ಮೆದುಳು ಪೊರೆಯ ಕಾಯಿಲೆ ಹರಡಿತು. ಬರೆಯಬಾರದು ಎಂದು ಪತ್ರಿಕೆಗಳ ಕೈ ಕಟ್ಟಿದರು. ತಾಯಂದಿರಿಗೆ ಎಚ್ಚರಿಕೆಯೇ ಸಿಗಲಿಲ್ಲ. ಸಾಮೂಹಿಕ ಲಸಿಕೆ ಶುರುವಾದದ್ದು 1975ರಲ್ಲಿ. ಅಷ್ಟರಲ್ಲಿ ಎಷ್ಟೋ ಮಕ್ಕಳು ಹೋಗಿದ್ದರು. ಸೈನ್ಯದಲ್ಲಿ ಮೇಲಧಿಕಾರಿಗೆ ಎದುರು ಮಾತಾಡದಿರುವುದು ಒಂದು ಗುಣ. ಯುದ್ಧದಲ್ಲಿ ಅದು ಬೇಕು. ಕಾಲುವೆ, ಶಾಲೆ, ಆಸ್ಪತ್ರೆ ನಡೆಸುವಾಗ ಅದೇ ಗುಣ ವಿಷ.

ಮಾವನವರ ನೀರಿನ ಪ್ರಶ್ನೆಯನ್ನು ಇನ್ನಷ್ಟು ಬಿಚ್ಚೋಣ. ಕಾಲುವೆಯ ಉದ್ದಕ್ಕೂ 144 ಸೆಕ್ಷನ್ ಹಾಕಿ ಪೊಲೀಸರನ್ನು ನಿಲ್ಲಿಸಿದ್ದನ್ನು ನೀವೇ ನೋಡಿರುತ್ತೀರಿ. ಅವರು ಇರುವಷ್ಟು ದಿನ ಪಂಪ್‌ಸೆಟ್ ಇರುವುದಿಲ್ಲ. ಹೋದ ರಾತ್ರಿಯೇ ಮತ್ತೆ ಬರುತ್ತವೆ. ಕಾರಣ ನೀರಿನ ಲೆಕ್ಕದಲ್ಲೇ ಇದೆ. ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105. ಮೂಲ ಯೋಜನೆಯಲ್ಲಿ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಬಂದದ್ದು ಭತ್ತ. ಕಾಲುವೆ ಅಂಚಿನ ಅನಧಿಕೃತ ನೀರಾವರಿ ಬೇರೆ. ಸಾವಿರ ಬಂದೂಕು ತಂದರೂ ಹೂಳಾದ 28 ಟಿಎಂಸಿ ವಾಪಸ್ ಬರುವುದಿಲ್ಲ. ಆ ನಷ್ಟ ತುಂಬಲು ಹೊಸದಾಗಿ ಕಟ್ಟಬೇಕೆಂದಿರುವ ನವಲಿ ಜಲಾಶಯದ ಪ್ರಸ್ತಾವಕ್ಕೆ ಆಂಧ್ರ, ತೆಲಂಗಾಣ ಒಪ್ಪಬೇಕು. ಅದು ಕೂತು ಮಾತಾಡಿಯೇ ಆಗಬೇಕಾದ ಕೆಲಸ.

ಹಾಗಾದರೆ ದಾರಿ ಏನು? ಹೋಟೆಲುಗಳಲ್ಲಿ ಕೇಳುವ ಸಲಹೆಗಳನ್ನೇ ತೆಗೆದುಕೊಳ್ಳುತ್ತೇನೆ.

ಪೂರ್ತಿ ಆಳ್ವಿಕೆ ಬೇಡ, ಕೆಲವು ಕೆಲಸಕ್ಕೆ ಮಾತ್ರ ಸೈನ್ಯ ಕರೆಯೋಣ ಎನ್ನುತ್ತಾರೆ. ನೆರೆ ಬಂದಾಗ ಕರೆಯಲೇಬೇಕು. 2009ರ ನೆರೆಯಲ್ಲಿ ಅವರು ಎಷ್ಟು ಜನರನ್ನು ಉಳಿಸಿದರು ಎಂದು ನಮ್ಮ ಕಡೆಯವರಿಗೆ ಗೊತ್ತು. ಅಪಾಯ ಇರುವುದು ಅಭ್ಯಾಸದಲ್ಲಿ. 1953ರಲ್ಲಿ ಲಾಹೋರ್‌ನಲ್ಲಿ ಗಲಭೆಯಾದಾಗ ಸೈನ್ಯ ಬಂತು. ಸುಮಾರು 70 ದಿನ ಆಳಿತು. ಗಲಭೆ ನಿಲ್ಲಿಸಿದ್ದಲ್ಲದೆ ಬೀದಿ ಗುಡಿಸಿ ನಗರವನ್ನು ಸ್ವಚ್ಛ ಮಾಡಿತು. ಜನ ಸಂತೋಷಪಟ್ಟರು. ಐದು ವರ್ಷದಲ್ಲಿ ಇಡೀ ದೇಶ ಅವರ ಕೈಯಲ್ಲಿತ್ತು.

ರಾಜಕಾರಣಿಗಳೇ ಬೇಡ, ಅಧಿಕಾರಿಗಳು ನಡೆಸಲಿ ಎಂಬುದು ಇನ್ನೊಂದು. ಅದನ್ನು ನಾವು ನೋಡಿಯಾಗಿದೆ. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ನಿಮ್ಮೂರಿನ ನೀರಿನ ಟ್ಯಾಂಕ್ ಸೋರಿದರೆ ಯಾರ ಮನೆ ಬಾಗಿಲು ತಟ್ಟಿದಿರಿ? ಸದಸ್ಯ ಕೆಟ್ಟವನಾದರೂ ಅವನ ಮನೆ ಗೊತ್ತಿರುತ್ತದೆ. ಅಧಿಕಾರಿಗೆ ವರ್ಗಾವಣೆ ಆಗಿರುತ್ತದೆ.

ಉಳಿದದ್ದು ನಿಧಾನದ ದಾರಿ. ಲೋಕಾಯುಕ್ತ, ಮಾಹಿತಿ ಹಕ್ಕು, ನ್ಯಾಯಾಲಯ, ಪತ್ರಿಕೆ, ಮತ. ಇವಕ್ಕೂ ಅಪಾಯ ಇದೆ, ಸುಮ್ನೆ ಹೊಗಳುವುದಿಲ್ಲ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ತಂದು ಲೋಕಾಯುಕ್ತದ ಹಲ್ಲು ಕಿತ್ತರು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡುವವರೆಗೆ ಆರು ವರ್ಷ ಹೋಯಿತು. ಇವನ್ನು ಕಾಯುವವರು ಇಲ್ಲದಿದ್ದರೆ ಹೂಳು ತುಂಬಿಕೊಳ್ಳುತ್ತದೆ. ಆಗ ಜನಕ್ಕೆ ಸಿಟ್ಟು ಬಂದು ಮಿಲಿಟರಿ ನೆನಪಾಗುತ್ತದೆ. ಹೋಟೆಲಿನಲ್ಲಿ ನೀವು ಕೇಳಿದ್ದು ಅದೇ ಸಿಟ್ಟು.

ಮಾವನವರಿಗೆ ಒಂದು ಪ್ರಶ್ನೆ ಕೇಳಿ. ಅವರ ಪಲ್ಟನ್ನಿನ ರೇಷನ್, ಬಟ್ಟೆ, ಡೀಸೆಲ್ ಲೆಕ್ಕವನ್ನು ಯಾರು ತಪಾಸಣೆ ಮಾಡುತ್ತಿದ್ದರು? ಸೈನ್ಯದ ಹೊರಗಿನ ನಾಗರಿಕ ಲೆಕ್ಕಾಧಿಕಾರಿಗಳು. ಅದರ ಮೇಲೆ ಸಿಎಜಿ, ಅದರ ಮೇಲೆ ಸಂಸತ್ತು. ನಮ್ಮ ಸೈನ್ಯ ಗೌರವ ಉಳಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ. ರಾಜಕೀಯದಿಂದ ದೂರ ಇರಿ ಎಂದು ಸೈನಿಕರಿಗೆ ಹೇಳಿದ ಮೊದಲ ಭಾರತೀಯ ಸೇನಾ ಮುಖ್ಯಸ್ಥ ಕಾರ್ಯಪ್ಪನವರು ನಮ್ಮ ಕೊಡಗಿನವರೇ.

ನೀರು ಬಿಡುವ ಮುಂದಿನ ಸರದಿಗೆ ಒಂದು ಕೆಲಸ ಮಾಡಿ. ನಿಮ್ಮ ಉಪಕಾಲುವೆಯ ಗೇಜ್ ಎಲ್ಲಿದೆ ನೋಡಿಕೊಳ್ಳಿ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅಂಕಿ ಬರೆದು ಫೋಟೊ ತೆಗೆಯಿರಿ. ಮುಖ್ಯ ಕಾಲುವೆಯ ಮೈಲು 69, ಮೈಲು 104ರ ಅಧಿಕೃತ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಪಕ್ಕಕ್ಕೆ ಇಟ್ಟು ನೋಡಿ. ನೀರು ಬಳಕೆದಾರರ ಸಂಘದ ಸಭೆಗೆ ಅದನ್ನು ತೆಗೆದುಕೊಂಡು ಹೋಗಿ. ಮೇಲ್ಭಾಗದ ರೈತರೂ ಬಂದಿರುತ್ತಾರೆ, ಜಗಳ ಆಗುತ್ತದೆ, ಆಗಲಿ. ಗೇಜ್ ಓದುವ ಕೆಲಸಕ್ಕೆ ಮಾವನವರನ್ನೇ ಕರೆದುಕೊಳ್ಳಿ. 24 ವರ್ಷ ಬೆಳಿಗ್ಗೆ ಐದಕ್ಕೆ ಎದ್ದವರು, ಒಂದು ದಿನವೂ ತಪ್ಪಿಸುವುದಿಲ್ಲ.